ದಪ್ಪ ಕೂಸಿನ ಮೂಳೆ

ಬೆಟ್ಟಮ್ಮ ತಂಬಿಟ್ಟಿಗೆ ಬೆಲ್ಲ ಕುಟ್ಟುತ್ತಿದ್ದರು. ಚೊಚ್ಚಲಿಗೆ ಮಾತ್ರವಲ್ಲ, ಸೊಸೆಯ ಎರಡನೇ ಬಸುರಿಗೂ ಮಡಿಲು ತುಂಬಲೇಬೇಕೆಂದು ಅವರದೇ ಹಟ. ನಾಳೆ ಅರಕಲಗೂಡು, ಹೊಳೆನರಸೀಪುರದ ನೆಂಟರೆಲ್ಲ ಬರುವವರಿದ್ದರು. ಬಂದ ಹೆಂಗಸರೆಲ್ಲ ಬಸುರಿಯ ಬಾಯಿಗೆ ಒಂದೊಂದು ತುತ್ತು ಸಿಹಿ ಇಡುವುದು ಶಾಸ್ತ್ರ.

“ಅತ್ತೆ, ನಾಳೆ ನಾನು ಸಿಹಿ ತಿನ್ನಲ್ಲ,” ಎಂದಳು ನಾಗಲಕ್ಷ್ಮಿ. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದು ಆಸ್ಪತ್ರೆಯಲ್ಲಿ ಅವಳಿಗೆ ಇನ್ಸುಲಿನ್ ಶುರು ಮಾಡಿದ್ದರು.

“ಬಸುರಿ ಬಾಯಿ ಕಟ್ಟುದ್ರೆ ಕೂಸು ಬಡವಾಯ್ತದೆ ಕಣಮ್ಮಿ. ಗೌತಮಿ ಹೊಟ್ಟೇಲಿದ್ದಾಗ ನಾನು ತಿನ್ನಿಸ್ಲಿಲ್ವಾ? ಆಸ್ಪತ್ರೆಯೋರೆಲ್ಲ ನೋಡಾಕೆ ಬಂದ್ಬುಟ್ರು, ಅಂಗಿತ್ತು ಕೂಸು.”

ನಾಗಲಕ್ಷ್ಮಿಯ ಮೊದಲ ಮಗಳು ಗೌತಮಿ ಹುಟ್ಟಿದಾಗ ನಾಲ್ಕೂವರೆ ಕೇಜಿ ಇದ್ದದ್ದು ನಿಜ. ಆದರೆ ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಅದರ ಮೇಲಿನ ಎಳೆ ಮೂಳೆ ಮುರಿದಿತ್ತು. ಆ ಪಾಪವನ್ನು ಬೆಟ್ಟಮ್ಮ ಇವತ್ತಿಗೂ ನರ್ಸಿನ ತಲೆಗೆ ಕಟ್ಟುತ್ತಿದ್ದರು. ತೂಕದ ಹೆಮ್ಮೆ ಮಾತ್ರ ತಮ್ಮ ಕೈರುಚಿಗೆ.

“ನರ್ಸಮ್ಮನ ತಪ್ಪಲ್ಲ ಅತ್ತೆ, ಡಾಕ್ಟ್ರು ಬಿಡಿಸಿ ಏಳುದ್ರು. ತಾಯಿ ರಕ್ತದಲ್ಲಿ ಸಕ್ರೆ ಏರುದ್ರೆ ಕೂಸಿನ ಮೈ ಊದ್ತದಂತೆ. ಮೂಳೆಗೆ ಸೇರ್ಬೇಕಾದ ಸುಣ್ಣದಂಶ ಮಾತ್ರ ಕಮ್ಮಿ ಆಗ್ಬೌದಂತೆ. ಆಗ್ಲೂ ನಂಗೆ ಇದೇ ಇತ್ತೋ ಏನೋ, ಯಾರೂ ನೋಡ್ಸಲಿಲ್ಲ.”

“ಬಂದೋರ ಮುಂದೆ ಬಾಯಿ ಮುಚ್ಕೊಂಡು ಕೂತ್ರೆ ನಾನು ಮುಖ ಎಲ್ಲಿಟ್ಕೊಳ್ಳಿ?”

“ಗೌತಮಿಗೆ ನೀರಾಕ್ತಿದ್ದೋರು ನೀವೇ ಅಲ್ವಾ? ಕೈ ಎತ್ತಾಕಾಗ್ದೆ ಅದು ಅಳ್ತಿದ್ರೆ ನೀವೂ ಅಳ್ತಿದ್ರಿ. ಈ ಕೂಸಿಗೆ ಅಂಗಾಗಾಕೆ ನಾನು ಬಿಡಲ್ಲ.”

ಬೆಟ್ಟಮ್ಮ ತಂಬಿಟ್ಟು ಕಟ್ಟುವುದನ್ನು ಬಿಡಲಿಲ್ಲ. ಅಷ್ಟು ಸುಲಭಕ್ಕೆ ಸೋಲುವ ಹೆಂಗಸಲ್ಲ ಅವರು.

ಮರುದಿನ ಮಡಿಲು ತುಂಬಿದ್ದಾಯಿತು. ಬೆಟ್ಟಮ್ಮನ ತಂಗಿ ಸಣ್ಣಕ್ಕ ಮೊದಲ ತಂಬಿಟ್ಟು ಎತ್ತಿ ಬಸುರಿಯ ಬಾಯಿಯ ಬಳಿ ತಂದಳು. ನಾಗಲಕ್ಷ್ಮಿ ಕೈಮುಗಿದಳು, ಬಾಯಿ ತೆರೆಯಲಿಲ್ಲ. ಹೆಂಗಸರಲ್ಲಿ ಗುಸುಗುಸು ಎದ್ದಿತು. “ಏನ್ ಸೊಕ್ಕು ನೋಡು,” ಎಂದರು ಯಾರೋ. ನಾಗಲಕ್ಷ್ಮಿಯ ಕಣ್ಣು ತುಂಬಿತು, ತುಟಿ ಮಾತ್ರ ಸಡಿಲವಾಗಲಿಲ್ಲ.

ಬೆಟ್ಟಮ್ಮ ಬಂದು ಹಸೆಯ ಮೇಲೆ ಸೊಸೆಯ ಪಕ್ಕ ಒತ್ತಿಕೊಂಡು ಕೂತರು.

“ಸೊಕ್ಕಲ್ಲ, ಅವ್ಳಿಗೆ ಸಕ್ರೆ ಐತೆ. ಓದ್ಸಲ ತಿನ್ನಿಸಿ ತಿನ್ನಿಸಿ ನಾನೇ ತಪ್ಪು ಮಾಡ್ದೆ. ಈಗ ಶಾಸ್ತ್ರ ನಿಲ್ಲೋದು ಬ್ಯಾಡ, ಕೂಸಿನ ಅಜ್ಜಿ ನಾನು, ನನ್ ಬಾಯಿಗಿಡಿ.”

ಅಂದವರೇ ಬಾಯಿ ತೆರೆದರು. ಸಣ್ಣಕ್ಕ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ನಾಗಲಕ್ಷ್ಮಿಯ ಹಣೆಗೆ ಕುಂಕುಮವಿಟ್ಟು, ತುತ್ತನ್ನು ಅಕ್ಕನ ಬಾಯಿಗೆ ಇಟ್ಟಳು. ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು.