ಪುಸ್ತಕ ಬಾಯಿಪಾಠ ಮಾಡಿದ ಹುಡುಗಿ

ರಾವೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ಶೈಲಶ್ರೀ, ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ. ಭಾಗ್ಯಳ ಮೇಲೂ ಎತ್ತಲಿಲ್ಲ. ಬರೀ ಮಾತಾಡಿದಳು.

ಭಾಗ್ಯ, ಫರಸಿ ಕಲ್ಲಿನ ಗಣಿಗೆ ಕೂಲಿಗೆ ಹೋಗುವ ಮರೆಮ್ಮನ ಮಗಳು. ಓದು ಅಂದರೆ ಪಟಪಟನೆ ಓದುವಳು, ಬರೆ ಅಂದರೆ ಬರೀ ಗೀಚುವಳು. ಸಂಶಯ ಬಂದ ಶೈಲಶ್ರೀ ಒಂದು ದಿನ ಅವಳನ್ನು ಎಬ್ಬಿಸಿ, "ಆರನೇ ಪಾಠ ಓದು" ಎಂದು ಒಂಬತ್ತನೇ ಪಾಠ ತೆರೆದು ಕೈಗೆ ಕೊಟ್ಟಳು. ಭಾಗ್ಯ ಪುಟದ ಮೇಲೆ ಬೆರಳಾಡಿಸುತ್ತ ಆರನೇ ಪಾಠವನ್ನೇ ಒಂದಕ್ಷರ ತಪ್ಪದೆ ಹೇಳಿ ಮುಗಿಸಿದಳು.

"ನೋಡ್ರಿ ಈ ಕಳ್ಳೀನ!" ಶೈಲಶ್ರೀ ಪುಸ್ತಕವನ್ನು ಕಸಿದು ಎಲ್ಲರಿಗೂ ತೋರಿಸಿದಳು. "ಮೂರು ವರ್ಷ ಎಲ್ಲಾರ ಕಣ್ಣಿಗಿ ಮಣ್ಣು ಎರಚ್ಯಾಳ."

ಮಕ್ಕಳು ಗೊಳ್ಳೆಂದು ನಕ್ಕವು. ಮರುದಿನದಿಂದ ಭಾಗ್ಯ ಬರಲಿಲ್ಲ. ಗೈರುಹಾಜರಿ ಹಾಕುತ್ತ ಹಾಕುತ್ತ ತಿಂಗಳು ಕಳೆಯಿತು.

ಆಮೇಲೆ ಚಿತ್ತಾಪುರದಲ್ಲಿ ಮಾಸ್ತರರಿಗೆಲ್ಲ ತರಬೇತಿ. ಕಲಿಯಲು ಕಷ್ಟಪಡುವ ಮಕ್ಕಳಿಗಾಗಿಯೇ ಶಾಲೆಯಿಂದ ಶಾಲೆಗೆ ತಿರುಗುವ ನಾಮದೇವ ಮಾಸ್ತರು ಮಾತಾಡುತ್ತಿದ್ದರು.

"ಕೆಲವು ಮಕ್ಕಳಿಗಿ ಅಕ್ಷರ ಕಂಡರೂ ಗುರ್ತು ಹತ್ತಂಗಿಲ್ರಿ. ಹಂಗಂತ ದಡ್ಡರಲ್ಲ, ಭಾಳ ಶಾಣ್ಯಾ ಇರ್ತಾವ. ನಗ್ತಾರಂತ ಅಂಜಿ, ಗೆಳತ್ಯಾರ ಕಡಿಂದ ಓದಿಸಿ ಕೇಳಿ, ಪುಸ್ತಕಾನೇ ಬಾಯಿಪಾಠ ಮಾಡ್ತಾವ. ನಾವು ಅದಕ್ಕ ಮೋಸ ಅಂತೀವಿ."

ಶೈಲಶ್ರೀಗೆ ಪುಟದ ಮೇಲೆ ಆಡುತ್ತಿದ್ದ ಭಾಗ್ಯಳ ಬೆರಳು ನೆನಪಾಯಿತು. ಅಷ್ಟನ್ನೂ ಕೇಳಿ ಕೇಳಿಯೇ ತಲೆಯಲ್ಲಿ ಇಟ್ಟುಕೊಳ್ಳಲು ಆ ಎಂಟು ವರ್ಷದ ಜೀವ ಎಷ್ಟು ಒದ್ದಾಡಿರಬೇಕು!

ಮರುದಿನ ಸಂಜೆ ನೇರ ಮರೆಮ್ಮನ ಮನೆಗೆ ಹೋದಳು. "ಕುಂದ್ರಿ ಮೇಡಂ" ಎಂದು ಮರೆಮ್ಮ ಚಾಪೆ ಹಾಸಿದಳು. ಭಾಗ್ಯ ಬಾಗಿಲ ಹಿಂದೆ ಸರಿದಳು.

"ನಿಮ್ಮ ಮಗಳದು ತಪ್ಪಿಲ್ರಿ. ತಪ್ಪು ನಂದದ" ಎಂದು ಶೈಲಶ್ರೀ ಎಲ್ಲವನ್ನೂ ಬಿಡಿಸಿ ಹೇಳಿದಳು.

ಮರೆಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮೇಡಂ ಕಳ್ಳಿ ಅಂದ್ರಂತ ಕೇಳಿ ನಾ ಕಟಗೀಲೆ ಹೊಡದೀನ್ರಿ. ಬೆನ್ನ ಮ್ಯಾಲ ಬಾಸುಂಡಿ ಎದ್ದಿದ್ವು. ಯವ್ವಾ, ನಾ ಏನೂ ಕದ್ದಿಲ್ಲ ಅಂತ ಅಂದೇ ಅಂದಳು. ನಾ ಕೇಳಲಿಲ್ಲ."

ಶೈಲಶ್ರೀ ಬಾಗಿಲ ಕಡೆ ತಿರುಗಿದಳು. "ಭಾಗ್ಯ, ನಾಳಿ ಸಾಲಿಗಿ ಬರ್ತೀಯೇನವಾ?"

"ಎಲ್ಲಾರೂ ನಗ್ತಾರ್ರಿ" ಎಂದಿತು ಬಾಗಿಲ ಹಿಂದಿನ ದನಿ.

ಮರುದಿನ ಶೈಲಶ್ರೀ ಮಕ್ಕಳ ಎದುರು ನಿಂತು ಹೇಳಿದಳು: "ಅವತ್ತು ತಪ್ಪು ಮಾತಾಡಿದಾಕಿ ನಾ. ಭಾಗ್ಯ ಕಳ್ಳಿ ಅಲ್ಲ. ಆಕಿ ಹಂಗ ಇಡೀ ಪುಸ್ತಕ ಬಾಯಿಪಾಠ ನನಗೂ ಬರಂಗಿಲ್ಲ." ಯಾರೂ ನಗಲಿಲ್ಲ. ಆ ಸುದ್ದಿ ಗೆಳತಿಯರ ಬಾಯಿಂದ ಮನೆ ಮುಟ್ಟಿ, ಮೂರನೇ ದಿನ ಭಾಗ್ಯ ಬಂದಳು.

ಪ್ರತಿ ಗುರುವಾರ ನಾಮದೇವ ಮಾಸ್ತರು ಬಂದು ಮರಳಿನಲ್ಲಿ ಅಕ್ಷರ ತಿದ್ದಿಸಿದರು. ಯುಗಾದಿ ಹೊತ್ತಿಗೆ ಭಾಗ್ಯ ಸಣ್ಣ ಸಣ್ಣ ಸಾಲುಗಳನ್ನು ತಡೆತಡೆದು ಓದತೊಡಗಿದಳು. ಒಂದು ದಿನ ಶೈಲಶ್ರೀ ಖುಷಿಯಿಂದ ಅವಳ ಹತ್ತಿರ ಹೋಗಿ ಕೂತಳು. ಭಾಗ್ಯ ಥಟ್ಟನೆ ಓದು ನಿಲ್ಲಿಸಿ, ಪುಟದ ಮೇಲೆ ಎರಡೂ ಅಂಗೈ ಮುಚ್ಚಿದಳು.

"ನೀವು ಆ ಕಡಿ ಹೋಗ್ರಿ, ಮೇಡಂ."

"ಅಂಜಿಕಿ ಹೋಗ್ಲಿಕ್ಕ ಭಾಳ ದಿನ ಹಿಡೀತದ್ರಿ" ಎಂದರು ನಾಮದೇವ ಮಾಸ್ತರು ಮೆಲ್ಲಗೆ.

ಶೈಲಶ್ರೀ ಎದ್ದು ಪಡಸಾಲೆಗೆ ಬಂದಳು. ಒಳಗೆ ಮತ್ತೆ ಓದು ಶುರುವಾಯಿತು. ಗೋಡೆಗೆ ಆತು ನಿಂತು, ಪಾಠ ಮುಗಿಯುವವರೆಗೂ ಕೇಳಿಸಿಕೊಂಡಳು. ಒಳಗೆ ಹೋಗಲಿಲ್ಲ.