ಲಕ್ಕಮ್ಮನ ಎತ್ತರಕ್ಕೊಂದು ಗ್ರಿಲ್

೧.

ಗ್ರಿಲ್‌ನಿಂದ ಶುರು ಮಾಡಲೇ, ಲಕ್ಕಮ್ಮನ ಮಂಡಿಯಿಂದ ಶುರು ಮಾಡಲೇ? ಬೆಳಗ್ಗೆಯಿಂದ ಇದೇ ಯೋಚನೆಯಲ್ಲಿ ಎರಡು ಲೋಟ ಕಾಫಿ ಮುಗಿದಿದೆ. ಪತ್ರಿಕೆಯ ಪುರವಣಿಯವರು ಕೇಳಿದ್ದು ಕಥೆಯನ್ನೇ ಅಲ್ಲ. ‘ನಿಮ್ಮ ಕುಟುಂಬಕ್ಕೆ ಸರಿಯಾದ ಗ್ರಿಲ್ ಆರಿಸುವುದು ಹೇಗೆ’ ಎಂಬ ಉಪಯುಕ್ತ ಲೇಖನ ಕೇಳಿದ್ದರು. ಗ್ರಿಲ್ ಎಂದರೆ ಕಿಟಕಿಯದಲ್ಲ, ಕೋಳಿ, ಬಾಡು ಸುಡುವುದು. ನಾನು ಹಾಸನದಲ್ಲಿ ಕಾಲೇಜು ಮೇಷ್ಟ್ರು. ನಮ್ಮ ಬಾಡಿಗೆ ಮನೆಯ ಮಾಲೀಕರು ಮೊಟ್ಟೆಯ ವಾಸನೆ ಬಂದರೂ ಮಹಡಿ ಹತ್ತಿ ಬರುತ್ತಾರೆ. ಹಾಗಾಗಿ ನನ್ನ ಬದಲು ಗ್ರಿಲ್ ಕೊಳ್ಳಲಿ ಎಂದು ಒಬ್ಬನನ್ನು ಹುಟ್ಟಿಸಿದೆ.

ಹೆಸರು ಶಶಿಕುಮಾರ್. ಊರು ಹಳ್ಳಿಮೈಸೂರು, ವಯಸ್ಸು ನಲವತ್ತಾರು, ಗೊಬ್ಬರದಂಗಡಿ. ಹೆಂಡತಿ ರೂಪಶ್ರೀ. ಮಗಳು ಧನ್ಯಾ, ಹೊಳೆನರಸೀಪುರದಲ್ಲಿ ಡಿಗ್ರಿ ಓದುತ್ತಾಳೆ. ತಾಯಿ ಲಕ್ಕಮ್ಮ. (ಇದಕ್ಕಿಂತ ಹೆಚ್ಚು ಜನರನ್ನು ಸಾಕುವ ತಾಕತ್ತು ನನ್ನ ಕಥೆಗಳಿಗಿಲ್ಲ. ಹಿಂದೊಮ್ಮೆ ಒಂಬತ್ತು ಜನರನ್ನು ಇಟ್ಟುಕೊಂಡು ಮೂವರನ್ನು ಮರೆತೇ ಹೋಗಿದ್ದೆ.)

೨. ಮೊದಲ ಡ್ರಾಫ್ಟ್

ಯುಗಾದಿಗೆ ವಾರವಿರುವಾಗ ಶಶಿಕುಮಾರ್ ಹಾಸನದ ಅಂಗಡಿಯೊಂದಕ್ಕೆ ಬಂದ. ಸೇಲ್ಸ್‌ನ ಹುಡುಗ ಕೀರ್ತಿರಾಜ್ ಓಡಿ ಬಂದು ಕೇಳಿದ.

“ಎಷ್ಟು ಜನಕ್ಕೆ ಸರ್?”

“ವರ್ಸ್‌ತೊಡ್ಕಿಗೆ ಕಣಪ್ಪ. ಇಪ್ಪತ್ತು ಜನ ಆಯ್ತಾರೆ. ಅರಕಲಗೂಡಿಂದ ನಮ್ಮಕ್ಕನ ಮನೆಯೋರು, ಚನ್ನರಾಯಪಟ್ನದಿಂದ ನಮ್ಮ ಹೆಂಡ್ತಿ ಕಡೆಯೋರು.”

(ಗೊತ್ತಿಲ್ಲದವರಿಗೆ: ವರ್ಷತೊಡಕು ಎಂದರೆ ಯುಗಾದಿಯ ಮಾರನೇ ದಿನ. ಹಬ್ಬದ ದಿನ ಹೋಳಿಗೆ, ಮಾರನೇ ದಿನ ಬಾಡು. ಅಂದು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂದು ನಮ್ಮ ಕಡೆ ನಂಬಿಕೆ. ಆ ದಿನ ಯಾರೂ ಜಗಳವಾಡುವುದಿಲ್ಲ, ಮಕ್ಕಳನ್ನು ಬಯ್ಯುವುದಿಲ್ಲ. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವುದಿಲ್ಲ.)

ಗ್ಯಾಸಿನದಾದರೆ ಬೇಗ ಕಾಯುತ್ತದೆ, ಆದರೆ ಹೊಗೆಯ ರುಚಿ ಕಡಿಮೆ. ಕರೆಂಟಿನದು ಬಾಲ್ಕನಿಗೆ ಸರಿ, ಹಿತ್ತಲಿಗಲ್ಲ. ಇದ್ದಿಲಿನದಕ್ಕೆ ತಾಳ್ಮೆ ಬೇಕು. ಕೀರ್ತಿರಾಜ್ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಶಶಿಕುಮಾರ್ ಇದ್ದಿಲಿನದನ್ನೇ ಆರಿಸಿದ. ಜಾಲರಿ ಅಗಲವಾಗಿದೆಯೇ, ಮುಚ್ಚಳ ಬಿಗಿಯಾಗಿದೆಯೇ, ಬೂದಿ ಎಲ್ಲಿ ಬೀಳುತ್ತದೆ, ಚಕ್ರ ಗಟ್ಟಿಯೇ, ಎಲ್ಲ ಕೇಳಿದ. ಎತ್ತರವೊಂದನ್ನು ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಅವನು ಗ್ರಿಲ್ ಕೊಂಡದ್ದು ಶೋಕಿಗಲ್ಲ. ದೀಪಾವಳಿಯ ಹೊತ್ತಿಗೆ ಲಕ್ಕಮ್ಮನ ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಇನ್ನು ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷತೊಡಕಿನ ದಿನವೂ ಆಕೆ ಹಿತ್ತಲಿನ ಮೂರು ಕಲ್ಲಿನ ಒಲೆಯ ಮುಂದೆ ಕೂತು, ಹೊಗೆ ಕುಡಿದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವಳು. ಈ ಸಲವಾದರೂ ಅವ್ವ ಕುರ್ಚಿಯ ಮೇಲೆ ಕೂತು ಬಿಸಿಬಿಸಿಯಾಗಿ ತಿನ್ನಲಿ ಎಂದು ಮಗನ ಆಸೆ. ನನಗೂ ಇದು ಬಹಳ ಹಿಡಿಸಿತು. ನಾನು ಕಣ್ಣು ಒರೆಸಿಕೊಂಡು ಬರೆದೆ: ‘ಮಗ ಕೊಟ್ಟ ತಟ್ಟೆ ಹಿಡಿದು ಲಕ್ಕಮ್ಮ ಕುರ್ಚಿಯಲ್ಲಿ ಕೂತು ತೃಪ್ತಿಯಿಂದ ನಕ್ಕಳು.’ ಪೂರ್ಣವಿರಾಮ ಹಾಕಿ ಪೆನ್ನು ಮುಚ್ಚಿದೆ.

೩. ಮೊದಲ ಡ್ರಾಫ್ಟ್ ಹರಿದದ್ದು

“ಯಾರ್ ಮೇಷ್ಟ್ರೇ ನಕ್ಕಿದ್ದು?”

“ನೀವೇ, ಲಕ್ಕಮ್ಮನವರೇ.”

“ನಾನ್ಯಾಕ್ ನಗ್ಲಿ? ವರ್ಸ್‌ತೊಡ್ಕಿನ್ ದಿನ ಕುರ್ಚಿ ಮ್ಯಾಲೆ ಕುಂಡ್ರುಸ್‌ಬುಟ್ರಲ್ಲ. ಅವತ್ತು ಕುಂತ್ರೆ ವರ್ಸೆಲ್ಲ ಕುಂತಂಗೇ ಅಲ್ವಾ?”

“ಡಾಕ್ಟರು ಹೇಳಿದ್ದಾರಲ್ಲಮ್ಮ.”

“ಡಾಕ್ಟ್ರು ನೆಲದ್ ಮ್ಯಾಲೆ ಕೂರ್‌ಬ್ಯಾಡ ಅಂದ್ರು. ಕೈ ಕಟ್ಕಂಡ್ ಕೂತ್ಕೊ ಅನ್ನಲಿಲ್ಲ. ಐದ್ ತಿಂಗ್ಳಾಯ್ತು, ಒಂದ್ ಲೋಟ ಕಾಫಿ ಕಾಯ್ಸಕ್ಕೂ ಬುಟ್ಟಿಲ್ಲ ನನ್ನ. ಮಗ ಒಳ್ಳೇನು, ಸೊಸೆ ಒಳ್ಳೆಯೋಳು, ಮೊಮ್ಮಗ್ಳೂ ಒಳ್ಳೆಯೋಳು. ಎಲ್ರೂ ಸೇರ್ಕಂಡು ಒಳ್ಳೆತನದಲ್ಲೇ ನನ್ನ ಮೂಲೆಗೆ ಕುಂಡ್ರುಸವ್ರೆ. ಈಗ ನೀವೊಬ್ರು ಬಂದ್ರಿ.”

ಮೂವತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ, ಮುದುಕಿಯರನ್ನು ಕೂರಿಸಿ ಊಟ ಕೊಟ್ಟರೆ ಕಥೆ ಚೆನ್ನಾಗಿ ಮುಗಿಯುತ್ತದೆ ಎಂದೇ ತಿಳಿದಿದ್ದೆ. ಆಕೆಗೆ ಭಯವಾಗಿತ್ತು. ಆ ಒಂದು ದಿನ ಕೈಗೆ ಕೆಲಸವಿಲ್ಲದಿದ್ದರೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲವೆಂಬ ಭಯ. ನಾಚಿಕೆಯಾಯಿತು. ಗ್ರಿಲ್ ಕೊಂಡದ್ದನ್ನು ಉಳಿಸಿಕೊಂಡು ಆ ಕೊನೆಯನ್ನು ಹರಿದೆ.

೩. (ಮತ್ತೆ)

ಯುಗಾದಿಯ ಸಂಜೆ ಲಕ್ಕಮ್ಮ ತಾನೇ ಗ್ರಿಲ್‌ನ ಮುಂದೆ ಹೋಗಿ ನಿಂತಳು. ಆಕೆ ಗಿಡ್ಡ, ಜಾಲರಿ ಎದೆಯ ಹತ್ತಿರ ಬಂತು. ಹತ್ತು ನಿಮಿಷಕ್ಕೆ ಮಂಡಿ ಹಿಡಿದುಕೊಂಡಿತು. ಕುರ್ಚಿ ಹಾಕಿ ಕೂತರೆ ಜಾಲರಿ ಮೂಗಿನ ನೇರಕ್ಕೆ! ಕುರ್ಚಿಯ ಕೆಳಗೆ ಇಟ್ಟಿಗೆ ಇಡೋಣ ಎಂದು ನಾನು ಸಲಹೆ ಕೊಟ್ಟೆ. ರೂಪಶ್ರೀ ಕಿರುಚಿಕೊಂಡಳು. “ಅತ್ತೆ ಬಿದ್ದುಗಿದ್ದಾರು ಸಾರ್, ನಿಮಗೇನು, ಬರ್ಕಂಡು ಹೋಗ್ತೀರಿ!”

“ಬ್ಯಾಡ ಬುಡವ್ವ, ನಾನೇ ಸುಡ್ತೀನಿ. ನೀನು ತಿನ್ನು ಸಾಕು” ಎಂದ ಶಶಿಕುಮಾರ್.

ಲಕ್ಕಮ್ಮ ಒಳಗೆ ಹೋದಳು. ಆ ರಾತ್ರಿ ಹೋಳಿಗೆ ಮುಟ್ಟಲಿಲ್ಲ.

೪.

ಮಾರನೇ ದಿನ ಬೆಳಗ್ಗೆ ಧನ್ಯಾ ಟೇಪು ಹಿಡಿದು ಬಂದಳು.

“ಅಜ್ಜಿ, ಕುರ್ಚಿ ಮೇಲೆ ಕೂತ್ಕೊ. ಮೊಣಕೈ ಮಡಚು. ಆಂ, ಹಂಗೇ ಇರು.” ಅಳೆದಳು. ಗ್ರಿಲ್ಲನ್ನೂ ಅಳೆದಳು. “ಅಪ್ಪಾ, ಹದಿನೈದು ಇಂಚು ಜಾಸ್ತಿ ಅದೆ. ಕಾಲು ಕತ್ತರಿಸ್‌ಬುಡನ.”

“ಏಯ್, ಹೊಸಾದು ಕಣವ್ವ! ವಾರಂಟಿ ಓಯ್ತದೆ!” ಶಶಿಕುಮಾರ್ ನನ್ನ ಕಡೆ ತಿರುಗಿದ. “ಸಾ, ನೀವಾದ್ರೂ ಬುದ್ದಿ ಏಳಿ ಇವ್ಳಿಗೆ.”

ನಾನು ಗಂಟಲು ಸರಿಮಾಡಿಕೊಂಡೆ. ಕತ್ತರಿಸುವುದೇಕೆ, ಎರಡನೇ ಭಾಗಕ್ಕೆ ಹೋಗಿ ಒಂದು ಸಾಲು ತಿದ್ದಿದರೆ ಆಯಿತು, ಶಶಿಕುಮಾರ್ ಗಿಡ್ಡ ಗ್ರಿಲ್ಲನ್ನೇ ಕೊಂಡಿರುತ್ತಾನೆ, ವಾರಂಟಿಯೂ ಉಳಿಯುತ್ತದೆ ಎಂದೆ. ಶಶಿಕುಮಾರನ ಮುಖ ಅರಳಿತು.

“ಹಂಗೆಲ್ಲ ಮೋಸ ಮಾಡ್‌ಬಾರದು ಸಾರ್” ಎಂದಳು ಧನ್ಯಾ. “ಅಪ್ಪ ಕೇಳದೆ ತಂದಿದ್ದು. ಅಪ್ಪನೇ ಕತ್ತರಿಸ್ಕೊಂಡು ಬರ್ಲಿ.”

ಶಶಿಕುಮಾರ್ ತಾಯಿಯನ್ನು ನೋಡಿದ. ಆಕೆ ಇನ್ನೂ ಮೊಣಕೈ ಮಡಚಿಕೊಂಡೇ ಕೂತಿದ್ದಳು, ಕೈಯಲ್ಲಿ ಇಕ್ಕಳವಿಲ್ಲದೆ. ಅವನು ಗ್ರಿಲ್ಲನ್ನು ಗೂಡ್ಸ್ ಆಟೋಗೆ ಏರಿಸಿದ. (ಈ ಜಾಗದಲ್ಲಿ ನನಗೆ ಅವನ ಮೇಲೆ ನಿಜವಾಗಿ ಪ್ರೀತಿ ಬಂತು.)

ಬಸ್ ಸ್ಟಾಂಡಿನ ಪಕ್ಕ ತಮ್ಮಯ್ಯನ ವೆಲ್ಡಿಂಗ್ ಶೆಡ್. ವರ್ಷತೊಡಕಿನ ದಿನ ತೆಗೆದಿರುತ್ತಾನೋ ಇಲ್ಲವೋ ಎಂದು ಶಶಿಕುಮಾರನಿಗೆ ಅನುಮಾನವಿತ್ತು.

“ಅಣ್ಣ, ಇವತ್ತು ಮಾಡ್ಕೊಡ್ತೀಯಾ?”

“ವರ್ಸ್‌ತೊಡ್ಕಿನ ದಿನ ಬೆಳಿಗ್ಗೆನೇ ಕೆಲ್ಸ ಮನೆ ಬಾಗ್ಲಿಗೆ ಬಂದದೆ, ಬ್ಯಾಡ ಅಂತೀನೇನ್ಲಾ? ಇಡು ಇತ್ಲಾಗೆ.”

ಕಿಡಿ ಹಾರಿತು. ನಾಲ್ಕು ಕಾಲಿನಿಂದ ಹದಿನೈದು ಹದಿನೈದು ಇಂಚು ಹೋಯಿತು, ಜೊತೆಗೆ ಎರಡು ಚಕ್ರವೂ. ಶಶಿಕುಮಾರ್ ತುಂಡುಗಳನ್ನು ಅಲ್ಲಿ ಬಿಟ್ಟು ಬರಲು ಮನಸ್ಸಾಗದೆ ಚೀಲಕ್ಕೆ ಹಾಕಿಕೊಂಡ.

೫.

ಮಧ್ಯಾಹ್ನಕ್ಕೆ ಹಿತ್ತಲು ತುಂಬಿತು. ಊರವರು ಸೇರಿ ಕುರಿ ಕಡಿದು ಪಾಲು ಹಾಕಿ ಹಂಚಿದ ಗುಡ್ಡೆಬಾಡು ಒಳಗೆ ಕುಕ್ಕರಿನಲ್ಲಿ ಸಾರಾಗುತ್ತಿತ್ತು. ಕೆಂಡದ ಮೇಲೆ ಸುಡುವುದಕ್ಕೆ ಮಸಾಲೆ ಸವರಿದ ಕೋಳಿ ಒಂದು ಬೇಸಿನ್ ತುಂಬ. ಲಕ್ಕಮ್ಮ ಕುರ್ಚಿಯಲ್ಲಿ ಕೂತು ಮೊದಲ ಸುತ್ತಿನ ತುಂಡುಗಳನ್ನು ಜಾಲರಿಯ ಮೇಲೆ ಜೋಡಿಸಿದಳು. ಆಮೇಲೆ ಎಲ್ಲರೂ ನೋಡನೋಡುತ್ತಿದ್ದಂತೆ ಊದುಗೊಳವೆ ತೆಗೆದು, ಜಾಲರಿಯ ಕೆಳಗಿಟ್ಟು, ಎದೆ ತುಂಬ ಉಸಿರೆಳೆದು ಊದಿದಳು.

ಬೂದಿಯೆಲ್ಲ ಎದ್ದು ಕೋಳಿಯ ಮೇಲೆ ಕೂತಿತು. ಒಲೆಯಲ್ಲಾದರೆ ಮೇಲೆ ಮುಚ್ಚಿದ ಪಾತ್ರೆ ಇರುತ್ತಿತ್ತು.

ಅರಕಲಗೂಡಿನಿಂದ ಬಂದಿದ್ದ ಲಕ್ಕಮ್ಮನ ಮಗಳು ಮೊದಲು ನಕ್ಕಳು, ಆಮೇಲೆ ಎಲ್ಲರೂ. ಶಶಿಕುಮಾರ್ ಮೆಲ್ಲಗೆ ಮುಂದೆ ಬಂದು ಇಕ್ಕಳಕ್ಕೆ ಕೈ ಚಾಚಿದ. “ಕೊಡವ್ವ. ಸಾಕು.”

ಲಕ್ಕಮ್ಮ ನನ್ನ ಕಡೆ ನೋಡಿದಳು. ಪೆನ್ನು ನನ್ನ ಕೈಯಲ್ಲಿತ್ತು. ‘ಕೊಟ್ಟಳು’ ಎಂದು ಬರೆದಿದ್ದರೆ ಯಾವ ವಿಮರ್ಶಕನೂ ತಪ್ಪು ಹೇಳುತ್ತಿರಲಿಲ್ಲ, ವಾಸ್ತವವಾದ ಎನ್ನುತ್ತಿದ್ದ. ನಾನು ಬರೆಯಲಿಲ್ಲ.

“ಒಲೆ ಬ್ಯಾರೆ, ಇದು ಬ್ಯಾರೆ. ಗೊತ್ತಾಯ್ತು, ಕೈ ತೆಗಿಲಾ” ಎಂದಳು ಲಕ್ಕಮ್ಮ. “ಧನ್ಯಾ, ಇನ್ನೊಂದ್ ಸುತ್ತು ತತ್ತಾ.”

ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ, ಕೋಳಿಯನ್ನು ಇನ್ನೊಂದು ಪಕ್ಕಕ್ಕೆ ಇಟ್ಟು, ಮುಚ್ಚಳ ಮುಚ್ಚಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. (ಪುರವಣಿಯವರೇ, ಗಮನಿಸಿ, ಉಪಯುಕ್ತ ಮಾಹಿತಿ ಇದೊಂದೇ.) ವಾಸನೆ ನೋಡಿ ತಿರುಗಿಸಿದಳು. ಎರಡನೇ ಸುತ್ತು ಕೆಂಪಗೆ, ಎಣ್ಣೆ ಜಿನುಗುತ್ತ ಹೊರಬಂದಾಗ ಎಲ್ಲರ ಬಾಯಿಯೂ ತುಂಬಿತು. ಬೂದಿ ಹತ್ತಿದ ಮೊದಲ ಸುತ್ತನ್ನು ಶಶಿಕುಮಾರ್ ಒಂದೊಂದಾಗಿ ಒರೆಸಿಕೊಂಡು ತಾನೇ ತಿಂದ.

೬. ಕೊನೆಗಳು

ಓದುಗರೇ, ಬೇಕಾದ್ದು ತೆಗೆದುಕೊಳ್ಳಿ.

ಕೊನೆ ಒಂದು: ಧನ್ಯಾ ತೆಗೆದ ವಿಡಿಯೋ ಜಿಲ್ಲೆಯೆಲ್ಲ ಓಡಾಡುತ್ತದೆ, ಲಕ್ಕಮ್ಮ ಫೇಮಸ್. (ಧನ್ಯಾ ಬೇಡವೆಂದಳು. ಅವಳ ಕೈಯೂ ಮಸಾಲೆ, ಫೋನ್ ಮುಟ್ಟುವ ಹಾಗಿರಲಿಲ್ಲ.)

ಕೊನೆ ಎರಡು: ಇಕ್ಕಳ ಅತ್ತೆಯಿಂದ ಸೊಸೆಗೆ ದಾಟುತ್ತದೆ, ಪರಂಪರೆ ಮುಂದುವರಿಯುತ್ತದೆ. ರೂಪಶ್ರೀ ತಟ್ಟೆಯಿಂದ ತಲೆ ಎತ್ತದೆ, “ಕೈ ಮುಗಿತೀನಿ ಸಾರ್, ಇವತ್ತು ಬಿಸಿಬಿಸಿ ತಿಂತಾ ಇದ್ದೀನಿ, ಬುಟ್ಬುಡಿ” ಎಂದಳು. ಅದೂ ಬಿತ್ತು.

ಕೊನೆ ಮೂರು ನನಗೇ ಒದಗಿ ಬಂತು. ನಾಲ್ಕು ಗಂಟೆಯ ಹೊತ್ತಿಗೆ ಲಕ್ಕಮ್ಮ ಇಕ್ಕಳವನ್ನು ಮೊಮ್ಮಗಳಿಗೆ ಕೊಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು, ಬೆನ್ನು ಒರಗಿಸಿ ಕಣ್ಣು ಮುಚ್ಚಿದಳು. ನಾನು ಗಡಿಬಿಡಿಯಲ್ಲಿ ಬರೆದೆ: ‘ಲಕ್ಕಮ್ಮ ಕೊನೆಗೂ ನೆಮ್ಮದಿಯಿಂದ ಕೂತಳು.’

“ಏನ್ ಮೇಷ್ಟ್ರೇ ಬರ್ಕಂಡಿದ್ದು?” ಕಣ್ಣು ಮುಚ್ಚಿಕೊಂಡೇ ಕೇಳಿದಳು. ಓದಿ ಹೇಳಿದೆ.

“ಹೊಡ್ದಾಕಿ ಅದ. ದಣಿದ್ಲು ಅಂತ ಬರೀರಿ. ಐದ್ ತಿಂಗ್ಳಾದ್ ಮ್ಯಾಲೆ ಇವತ್ತು ದಣಿದಿವ್ನಿ.”

ಹಾಗೇ ಬರೆದೆ. ಅಲ್ಲಿಗೇ ಮುಗಿಸಲೇ ಎಂದು ಕೇಳಿದೆ.

ಲಕ್ಕಮ್ಮ ಕಣ್ಣು ತೆರೆದು ಕೈ ಚಾಚಿದಳು. “ಅದೇನ್ ಮುಗ್ಸದು? ಇನ್ನೂ ಅರ್ಧ ಬೇಸಿನ್ ಅದೆ. ಕೊಡವ್ವ ಧನ್ಯಾ, ಇಕ್ಳ ಇತ್ಲಾಗೆ.”