ಜ್ಯೋತಿ ಮುಚ್ಚಿಟ್ಟ ಜ್ವರ

ಮಗಳ ಟೆನಿಸ್ ಚೀಲದಿಂದ ಒಗೆಯುವ ಬಟ್ಟೆ ತೆಗೆಯುವಾಗ ಸಿದ್ದವ್ವನ ಕೈಗೆ ನೋವಿನ ಮಾತ್ರೆಗಳ ಒಂದು ಪಟ್ಟಿ ಸಿಕ್ಕಿತು. ಹತ್ತರಲ್ಲಿ ಎರಡೇ ಉಳಿದಿದ್ದವು.

"ಜ್ಯೋತಿ, ಇಷ್ಟೊಂದು ಗುಳಿಗಿ ಯಾರು ನುಂಗ್ಯಾರ?"

"ತಲಿ ನೋಯ್ತಿತ್ತವ್ವಾ."

"ಎಂಟು ಗುಳಿಗಿ ನುಂಗೂವಷ್ಟು ತಲಿನೋವೇನ?"

ಜ್ಯೋತಿ ಮುಖ ತಿರುಗಿಸಿದಳು.

ಅವಳಿಗೆ ಹತ್ತೊಂಬತ್ತು ವರ್ಷ. ಊರು ಎಕ್ಕಂಬಿ. ಅಪ್ಪ ವೀರಪ್ಪ ಶಿರಸಿಯ ಒಂದು ಕ್ಲಬ್ಬಿನಲ್ಲಿ ಟೆನಿಸ್ ಅಂಗಳಕ್ಕೆ ನೀರು ಹೊಡೆದು, ರೋಲರ್ ಎಳೆದು, ಗೆರೆ ಹಾಕುವವನು. ಅಲ್ಲೇ ಆಟ ಕಲಿತ ಮಗಳು ಈಗ ಬಹುಮಾನದ ಟೂರ್ನಿಗಳಲ್ಲಿ ಆಡುತ್ತಾಳೆ. ಶನಿವಾರ ಹುಬ್ಬಳ್ಳಿಯಲ್ಲಿ ಸೆಮಿಫೈನಲ್. ನಡುವೆ ಬಿಡುವು ಸಿಕ್ಕಿತೆಂದು ಮನೆಗೆ ಬಂದಿದ್ದಳು.

ಸಿದ್ದವ್ವನಿಗೆ ಅನುಮಾನ ಹೋಗಲಿಲ್ಲ. ಗಂಡನೇ ಈ ಮಾತ್ರೆ ಕೊಡಿಸುತ್ತಿದ್ದಾನೋ ಏನೋ! ಯಾರಿಗೂ ಹೇಳದೆ ಪಕ್ಕದ ಓಣಿಯ ಆಶಾ ಕಾರ್ಯಕರ್ತೆ ವಿನೋದಾಳನ್ನು ಕರೆತಂದಳು. ವಿನೋದಾ ಹುಡುಗಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಎಣಿಸಿದಳು.

"ಸಿದ್ದವ್ವಕ್ಕ, ಸುಮ್ನೆ ಕೂತಲ್ಲೇ ನಾಡಿ ನಿಮಿಷಕ್ಕೆ ನೂರಾ ಹದಿನೆಂಟು ಬಡೀತಾ ಇದೆ. ಈಗ್ಲೇ ಆಸ್ಪತ್ರೆಗೆ ಹೋಗೋಣ."

ಅಷ್ಟರಲ್ಲಿ ವೀರಪ್ಪ ಒಳಗೆ ಬಂದ. "ನಿಮ್ಮನ್ನ ಯಾರು ಕರದ್ರು?" ಎಂದು ಇಬ್ಬರನ್ನೂ ದಿಟ್ಟಿಸಿದ. "ನನಗ ಎಲ್ಲಾ ತಿಳೀತೈತಿ. ಆಟ ಬಿಡಿಸಿ ಮದುವಿ ಮಾಡೋ ಹುನ್ನಾರ ಇದು."

"ಅಯ್ಯೋ ವೀರಪ್ಪಣ್ಣ, ಮದುವೆ ಮಾತು ಯಾರು ತೆಗೆದ್ರು?"

"ಟೀವ್ಯಾಗ ನೋಡ್ರಿ. ದೊಡ್ಡ ದೊಡ್ಡ ಆಟಗಾರರು ಕಾಲಿಗೆ ಪಟ್ಟಿ ಸುತ್ಕೊಂಡು, ಅಂಗಳದಾಗ ವಾಂತಿ ಮಾಡ್ಕೊಂಡು ಆಡ್ತಾರ. ಅರ್ಧಕ್ಕ ಬಿಟ್ಟು ಬರಂಗಿಲ್ಲ."

"ಆಡ್ತಾರೆ, ಹೌದು. ಅವ್ರ ಹಿಂದೆ ಡಾಕ್ಟ್ರು ನಿಂತಿರ್ತಾರೆ. ಹಾಗಿದ್ರೂ ಎಷ್ಟೋ ಜನ ಆಮೇಲೆ ತಿಂಗಳುಗಟ್ಟಲೆ ಮನೇಲಿ ಕೂರ್ತಾರೆ. ಅದನ್ನ ಟೀವಿ ತೋರಿಸೋದಿಲ್ಲ."

ಜ್ವರವಿರಬಹುದೆಂದು ವಿನೋದಾ ಹುಡುಗಿಗೆ ಥರ್ಮಾಮೀಟರ್ ಇಟ್ಟಳು. ತೊಂಬತ್ತೆಂಟು ಚಿಲ್ಲರೆ ಬಂತು. ವೀರಪ್ಪ ಗೆದ್ದವನಂತೆ ನಕ್ಕ. "ಎಲ್ಲೈತಿ ಜ್ವರ?"

"ಮಾತ್ರೆ ಜ್ವರಾನ ಮುಚ್ಚಿದೆ, ಅಣ್ಣ. ಮಾತ್ರೆ ಇಳಿದ್ಮೇಲೆ ಗೊತ್ತಾಗ್ತದೆ."

"ಹಂಗಾರ ಸಂಜಿಗೆ ನಾನ ನೋಡ್ತೀನಿ. ಅಲ್ಲೀತನಾ ಆಸ್ಪತ್ರಿ ಮಾತು ಬ್ಯಾಡ."

ಹೆಂಗಸರು ಥರ್ಮಾಮೀಟರನ್ನು ಬಿಸಿನೀರಿಗೆ ಅದ್ದಿಯಾರೆಂದು ವೀರಪ್ಪ ಅದನ್ನು ತನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ. ಸಂಜೆ ವಿನೋದಾ ಮತ್ತೆ ಬಂದಾಗ, ಮೊದಲು ತನ್ನ ಕಂಕುಳಿಗೆ ಇಟ್ಟು ನೋಡಿದ. ಜ್ವರವಿರಲಿಲ್ಲ. ಯಂತ್ರ ಸರಿ ಇದೆ. ಆಮೇಲೆ ಮಗಳಿಗೆ ಇಟ್ಟ. ನೂರಾ ಎರಡು.

"ಎಂದಿನಿಂದ ಐತಿ ಇದು?"

"ಐದು ದಿನ ಆತಪ್ಪ. ನಾಕು ಮೆಟ್ಲ ಹತ್ತಿದ್ರ ಎದಿ ಹಿಡದಂಗ ಆಗ್ತೈತಿ."

"ಮತ್ತ ಯಾಕ ಹೇಳಲಿಲ್ಲ?"

"ಹ್ವಾದ ವರ್ಷ ಧಾರವಾಡದಾಗ ಮೊಣಕಾಲು ನೋವಂತ ಆಟ ಬಿಟ್ಟು ಬಂದಾಗ ನೀ ನಾಕು ದಿನ ಮಾತಾಡಿಸಲಿಲ್ಲ. ಕ್ಲಬ್ಬಿನವ್ರ ಮುಂದ, ನಾಟಕ ಮಾಡ್ತಾಳ ಅಂದಿ. ಗುಳಿಗಿ ನಾನ ತಗೊಂಡೇನಿ. ಯಾರೂ ಕೊಟ್ಟಿಲ್ಲ."

ಎದೆ ಹಿಡಿಯುತ್ತದೆಂಬ ಮಾತು ಕೇಳಿದ್ದೇ ವಿನೋದಾ ೧೦೮ಕ್ಕೆ ಫೋನ್ ಮಾಡಿದಳು.

ಶಿರಸಿಯ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ಪರೀಕ್ಷಿಸಿದರು. ಜ್ವರದ ಸೋಂಕು ಹೃದಯದ ಸ್ನಾಯುವಿಗೆ ತಾಗಿ ಬಾವು ಬಂದಿತ್ತು. "ಇದರಲ್ಲೇ ಓಡಿ ಆಡಿದ್ದರೆ ಅಂಗಳದಲ್ಲೇ ಕುಸಿದು ಬೀಳುವ ಅಪಾಯವಿತ್ತು. ನಾವು ಹೇಳುವವರೆಗೆ ರ್‍ಯಾಕೆಟ್ ಮುಟ್ಟಬಾರದು," ಎಂದರು ವೈದ್ಯರು. ವೀರಪ್ಪ ಅದನ್ನೂ ಸುಲಭಕ್ಕೆ ನಂಬಲಿಲ್ಲ. ಇನ್ನೊಬ್ಬ ವೈದ್ಯರಿಗೆ ಕಾಗದ ತೋರಿಸಿದ. ಅವರೂ ಅದನ್ನೇ ಹೇಳಿದರು.

ಮರುದಿನ ಅವನೇ ಹುಬ್ಬಳ್ಳಿಯ ಟೂರ್ನಿಯವರಿಗೆ ಫೋನ್ ಮಾಡಿದ. "ನನ್ನ ಮಗಳಿಗೆ ಆರಾಮಿಲ್ರಿ. ಶನಿವಾರ ಆಡಂಗಿಲ್ಲ."

"ಖರೇನ ಆರಾಮಿಲ್ಲೋ, ಎದುರಾಳಿ ನೋಡಿ ಹೆದರ್‍ಯಾಳೋ?" ಎಂದರು ಆ ಕಡೆಯವರು.

ವೀರಪ್ಪ ಮಂಚದ ಮೇಲೆ ಮಲಗಿದ್ದ ಮಗಳನ್ನು ನೋಡಿದ. "ಎದಿ ನೋಯ್ತೈತಿ ಅಂತ ಆಕಿ ಹೇಳ್ಯಾಳ್ರಿ. ನಾ ನಂಬ್ತೀನಿ," ಎಂದು ಫೋನ್ ಇಟ್ಟ.

ಐದು ತಿಂಗಳ ಮೇಲೆ, ವೈದ್ಯರು ಒಪ್ಪಿದ ಬಳಿಕ, ಜ್ಯೋತಿ ಮತ್ತೆ ಅಂಗಳಕ್ಕಿಳಿದಳು. ಇನ್ನೂ ಯಾವ ಪಂದ್ಯವನ್ನೂ ಗೆದ್ದಿಲ್ಲ. ಆಡುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಓಡುವ, ಕಬಡ್ಡಿ ಆಡುವ ಮಕ್ಕಳಿದ್ದಾರೆ. ಜ್ವರವಿದ್ದಾಗ ಅವರನ್ನು ಮೈದಾನಕ್ಕೆ ಕಳಿಸಬೇಡಿ. ಮಾತ್ರೆ ನುಂಗಿಸಿ ಆಡಿಸಲೇಬೇಡಿ. ಎದೆನೋವು, ಏದುಸಿರು, ತಲೆಸುತ್ತು ಕಂಡರೆ ಸಂಜೆಯವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ. ಆಟ ಅರ್ಧಕ್ಕೆ ಬಿಟ್ಟು ಬಂದ ಮಗುವನ್ನು ಗದರಿಸುವ ಮೊದಲು, ಎಲ್ಲಿ ನೋವಾಗುತ್ತಿದೆ ಎಂದು ಕೇಳಿ. ಅದು ಹೇಳಿದ್ದನ್ನು ನಂಬಿ.